ಉಪ್ಪಿಲ್ಲದ ಗಂಜಿ, ಇಳಿಯದ ಹಿಟ್ಟು

ನಮ್ಮ ಕಡೆ ಹಿಟ್ಟನ್ನು ಯಾರೂ ಅಗಿಯುವುದಿಲ್ಲ. ರಾಗಿಮುದ್ದೆಗೆ ನಾವು ಹಿಟ್ಟು ಎಂದೇ ಅನ್ನುವುದು. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ನುಂಗಿಬಿಡಬೇಕು. ಹಲ್ಲಿಗೆ ಅದರಲ್ಲಿ ಕೆಲಸವಿಲ್ಲ. ಮೂರು ವರ್ಷದ ಮಕ್ಕಳೂ ನುಂಗುತ್ತವೆ. ನನಗೆ ನಲವತ್ತಾರು ವರ್ಷವಾಗಿದ್ದಾಗ, ಅಕ್ಕ ತೀರಿಕೊಂಡು ಮೂರು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ತುತ್ತು ಗಂಟಲ ಹತ್ತಿರ ಹೋಗಿ ನಿಂತಿತು. ಕೆಳಗಿಳಿಯಲಿಲ್ಲ. ನೀರು ಕುಡಿದೆ, ನೀರು ಮೂಗಿಗೆ ಬಂತು. ಹಿತ್ತಲಿಗೆ ಓಡಿ ಉಗಿದೆ.

"ಏನೇ, ಹಿಟ್ಟು ನುಂಗಾದೂ ಮರ್ತೋಯ್ತಾ?" ಎಂದು ನನ್ನ ಗಂಡ ತಟ್ಟೆಯ ಮುಂದೆ ಕೂತೇ ನಕ್ಕರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹಾಗೇ ಆದಾಗ ನಗುವುದನ್ನು ಬಿಟ್ಟರು.

ಗಂಟಲಲ್ಲಿ ಏನೂ ಇಲ್ಲದೆ ಗಂಟಲು ಮುಚ್ಚಿಕೊಳ್ಳುವ ಕಾಯಿಲೆಯೊಂದಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಅಷ್ಟು ಒಂಟಿಯಾಗುತ್ತಿರಲಿಲ್ಲ. ಅಂಥವರು ಇನ್ನೂ ಎಲ್ಲೋ ಗಂಜಿ ಕುಡಿದುಕೊಂಡು ಕೂತಿರಬಹುದು. ಅವರಿಗಾಗಿ ಇದು.

ನಾನು ಅಕ್ಕಿಹೆಬ್ಬಾಳಿನ ಹತ್ತಿರದ ಒಂದು ಹಳ್ಳಿಯವಳು. ಊರಿನ ಮಹಿಳಾ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ, ಸಂಜೆ ಹೆಂಗಸರು ತರುವ ಹಾಲನ್ನು ಉದ್ದದ ಗಾಜಿನ ಜಾರಿಗೆ ಸುರಿದು ಲ್ಯಾಕ್ಟೋಮೀಟರು ಬಿಡುತ್ತೇನೆ. ಅದು ತೇಲಿ ಎಲ್ಲಿ ನಿಲ್ಲುತ್ತದೋ ಆ ಡಿಗ್ರಿಯನ್ನು ಗಟ್ಟಿಯಾಗಿ ಓದುತ್ತೇನೆ. ಒಳ್ಳೆಯ ಹಾಲು ಇಪ್ಪತ್ತೆಂಟರ ಹತ್ತಿರ ನಿಲ್ಲುತ್ತದೆ, ನೀರು ಬೆರೆತರೆ ಡಿಗ್ರಿ ಇಳಿಯುತ್ತದೆ. ನನ್ನ ಅಕ್ಕ ಜಯಮ್ಮನೂ ಅಲ್ಲಿಗೇ ಹಾಲು ಹಾಕುತ್ತಿದ್ದಳು. ಒಮ್ಮೆ ಅವಳ ಹಾಲಿಗೇ ಇಪ್ಪತ್ನಾಲ್ಕು ಬಂತು. ಎಲ್ಲರೆದುರು ಇಪ್ಪತ್ನಾಲ್ಕು ಎಂದೇ ಓದಿದೆ. ಸಾಲಿನಲ್ಲಿದ್ದವರು, "ಒಡಹುಟ್ಟಿದೋಳು ಅಂತಾನಾರ ಒಂದೆರಡು ಡಿಗ್ರಿ ಬುಡಬಾರ್ದಾ?" ಎಂದು ಕೆಣಕಿದರು. ಅಕ್ಕ ಕ್ಯಾನು ಎತ್ತಿಕೊಳ್ಳುತ್ತ, "ನಮ್ಮಮ್ಮಿ ಓದುದ್ರೆ ಓದ್ದಂಗೆ ಕಣ್ರೇ. ಅವ್ಳ ಬಾಯಲ್ಲಿ ಸುಳ್ಳು ಬರಾಕಿಲ್ಲ" ಎಂದಳು. ಅವಳು ನನ್ನನ್ನು ಅಮ್ಮಿ ಎಂದೇ ಕರೆಯುತ್ತಿದ್ದುದು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾಗಮಂಗಲದ ಕಡೆಯ ಒಂದೇ ಮನೆಯಿಂದ ಬಂದು ಇಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾದೆವು. ಎರಡು ಮನೆಗೂ ಒಂದೇ ಜಗಲಿ, ಒಂದೇ ಹಿತ್ತಲು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಾನು ಮದುವೆಯಾಗಿ ಬಂದ ಮೇಲೆ ನನ್ನನ್ನೂ ಕರೆಸಿಕೊಂಡು, ಕೆ.ಆರ್. ಪೇಟೆಯ ಕಾಲೇಜಿಗೆ ಕಳಿಸಿ ಪಿಯುಸಿ ಓದಿಸಿದಳು. ಹಾಗಾಗಿ ಮನೆಗೆ ಯಾವ ಕಾಗದ ಬಂದರೂ ಓದಿ ಹೇಳುವವಳು ನಾನು.

ಗಂಟಲು ಮುಚ್ಚಿದ ಮೇಲೆ ಎರಡು ತಿಂಗಳು ಗಂಜಿ, ಮಜ್ಜಿಗೆಯಲ್ಲಿ ಬದುಕಿದೆ. ರವಿಕೆಗಳೆಲ್ಲ ಜೋಲಾದವು. ಕೆ.ಆರ್. ಪೇಟೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಮೈಸೂರಿಗೆ ಹೋಗಿ ಕೊಳವೆ ಇಳಿಸಿ ನೋಡಿಸಿ ಎಂದರು. ಅಲ್ಲಿ ಪರೀಕ್ಷೆ ಮುಗಿಸಿ ನನ್ನನ್ನು ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ನನ್ನ ಗಂಡನನ್ನು ಒಳಗೆ ಕರೆದರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ತನ್ನ ಚೀಟಿಯ ನಂಬರು ಯಾವಾಗ ಬರುತ್ತದೆ ಎಂದು ನನ್ನನ್ನು ಎರಡೆರಡು ಸಲ ಕೇಳಿದಳು. ಅವಳಿಗೂ ಓದಲು ಬರುತ್ತಿರಲಿಲ್ಲ. ನನ್ನ ಕಣ್ಣು ಬಾಗಿಲ ಮೇಲಿತ್ತು.

ಗಂಡ ಹೊರಗೆ ಬಂದರು. ಮುಖದ ತುಂಬ ನಗು. "ಏನೂ ಇಲ್ವಂತೆ ಕಣೇ! ಗಂಟ್ಲು ಸುದ್ದವಾಗೇ ಅದೆಯಂತೆ."

ಆ ನಗುವಿನ ಗುರುತು ನನಗಿತ್ತು. ಹತ್ತು ತಿಂಗಳ ಹಿಂದೆ ಇಂಥದೇ ಬೆಂಚಿನ ಮುಂದೆ ನಿಂತು ನಾನು ಅಕ್ಕನಿಗೆ ಇದೇ ನಗು ತೋರಿಸಿದ್ದೆ. ಅವರ ಕೈಯಿಂದ ರಿಪೋರ್ಟು ಕಿತ್ತುಕೊಂಡು ಓದಿದೆ. ಎಲ್ಲ ಸಾಲಿನಲ್ಲೂ ನಾರ್ಮಲ್ ಎಂದಿತ್ತು. ಹೆಸರು, ವಯಸ್ಸು ನನ್ನದೇ.

"ನಿಜ್ವಾದ್ದು ಎಲ್ಲಿ? ಜೇಬಲ್ಲಿ ಇಟ್ಕಂಡಿದ್ದೀರಾ?"

"ನಿಜ್ವಾದ್ದು ಅಂದ್ರೆ? ಇದೇ ಕಣೇ!"

"ಸುಳ್ಳು. ಜೇಬು ತೋರ್ಸಿ."

ಅವರು ಅಷ್ಟು ಜನರ ಎದುರು ಅಂಗಿಯ ಜೇಬು, ಪ್ಯಾಂಟಿನ ಎರಡೂ ಜೇಬು ಹೊರಗೆಳೆದು ತೋರಿಸಿದರು. "ನೋಡ್ಕೋ. ಬಸ್ ಟಿಕೇಟು, ಕರ್ಚೀಪು, ಮನೆ ಬೀಗದ ಕೈ. ಇನ್ನೇನು, ಅಂಗಿ ಬಿಚ್ಲಾ?" ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವರ ಕಣ್ಣಲ್ಲಿ ಮಾತ್ರ ನೀರಿತ್ತು. ನನಗೆ ಆಗಲೂ ನಂಬಿಕೆ ಬರಲಿಲ್ಲ. ನಾವು ಹೇಗೆ ಸುಳ್ಳು ಹೇಳುತ್ತೇವೆ ಎಂದು ನನಗೆ ಗೊತ್ತಿತ್ತಲ್ಲ.

ಅಕ್ಕನ ವಿಷಯ ಇಷ್ಟು. ಅವಳ ಕಣ್ಣು ಹಳದಿಯಾಗಿತ್ತು, ಮೈ ಕೆರೆತ, ಹೊಟ್ಟೆನೋವು. ಸ್ಕ್ಯಾನಿಂಗ್ ಮಾಡಿದ ದೊಡ್ಡ ಡಾಕ್ಟರು ಅಕ್ಕನ ಗಂಡನನ್ನೂ ನನ್ನನ್ನೂ ಒಳಗೆ ಕರೆದು ಕ್ಯಾನ್ಸರ್ ಎಂದರು. ಲಿವರಿಗೂ ಹಬ್ಬಿದೆ, ಆಪರೇಷನ್ನಿನ ಹಂತ ದಾಟಿದೆ, ಕೆಲವೇ ತಿಂಗಳು, ಅವರಿಗೆ ಇಷ್ಟವಾದದ್ದು ಕೊಟ್ಟು ನೋಡಿಕೊಳ್ಳಿ ಎಂದರು. ಹೊರಗೆ ಬರುವ ಮೊದಲು ಬಾವ ಗೋಡೆಗೆ ಒರಗಿ ನನಗೆ ಕೈ ಮುಗಿದರು. "ಅವ್ಳಿಗೆ ಯೋಳ್ಬ್ಯಾಡ ನಾಗು. ಎದೆ ಒಡ್ಕಂಡು ಇವತ್ತೇ ಸತ್ತೋಗ್ತಾಳೆ. ಪವಿತ್ರಂಗೂ ಬ್ಯಾಡ, ಪರೀಕ್ಷೆ ಕೆಡ್ತದೆ. ಕಾಮಾಲೆ ಅಂತ ಓದ್ಬುಡು." ಪವಿತ್ರ ಅವರ ಮಗಳು, ಆಗ ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು.

ಅಕ್ಕ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು. "ಏನ್ ಬರ್ದವ್ರೆ? ಓದಮ್ಮಿ."

ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಾಡಿಸುತ್ತ ನಾನು ಓದಿದೆ. ಕಾಮಾಲೆ ಎಂದು ಓದಿದೆ. ಐದು ತಿಂಗಳಲ್ಲಿ ಅಕ್ಕ ಹೋದಳು. ಪವಿತ್ರಳಿಗೆ, ಕಾಮಾಲೆ ಲಿವರಿಗೆ ಏರಿತು ಎಂದು ಬಾವ ಹೇಳಿದರು. ಸಾವಿಗೆ ಬಂದ ನೆಂಟರಲ್ಲಿ ವಿಷಯ ಗೊತ್ತಿದ್ದವರು, ಪವಿತ್ರಳಿಗೆ ಕೇಳದಂತೆ ನನ್ನ ಕೈ ಹಿಡಿದು, "ಕೊನೇಗಂಟ ಗೊತ್ತಾಗ್ದಂಗೆ ನೋಡ್ಕಂಡ್ಯಲ್ಲವ್ವ, ಪುಣ್ಯಗಿತ್ತಿ" ಎಂದರು.

ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಕೆ.ಆರ್. ಪೇಟೆಯ ಡಾಕ್ಟರು ಚೀಟಿ ಬರೆದುಕೊಟ್ಟಾಗ ಮನೆಯಲ್ಲಿ ಯಾರಿಗೂ ಸರಿಬರಲಿಲ್ಲ. "ನಮ್ಮನೇಲಿ ಯಾರ್ಗೂ ಹುಚ್ಚಿಲ್ಲ" ಎಂದರು ಬಾವ. ಆಗ ಓದು ಮುಗಿಸಿ ಊರಿಗೆ ಬಂದಿದ್ದ ಪವಿತ್ರ ಎದ್ದು ನಿಂತಳು. "ಅವ್ವನ್ನ ನೋಡ್ಕಂಡಿದ್ದು ಚಿಕ್ಕವ್ವ. ಈಗ ಚಿಕ್ಕವ್ವನ್ನ ನಾನು ನೋಡ್ಕತೀನಿ. ನಡಿ, ನಾ ಕರ್ಕಂಡೋಯ್ತೀನಿ." ಆ ಮಾತಿಗೆ ಗಂಟಲು ಇನ್ನಷ್ಟು ಬಿಗಿಯಿತು.

ಡಾಕ್ಟರಮ್ಮ ಶ್ರೀರಂಗಪಟ್ಟಣಕ್ಕೆ ಶನಿವಾರ ಮಾತ್ರ ಬರುತ್ತಿದ್ದರು. ಸೈಕಲ್ ಶಾಪಿನ ಮೇಲೆ ಒಂದು ಸಣ್ಣ ಕೋಣೆ. ಕಾಯುವವರಿಗೆ ಜಾಗವೆಂದರೆ ಮೆಟ್ಟಿಲುಗಳೇ. ಮೊದಲ ಸಲ ಪವಿತ್ರ ಬಂದಳು. ಆಮೇಲೆ ಒಬ್ಬಳೇ ಹೋಗುತ್ತಿದ್ದೆ. ಚಿನಕುರಳಿ, ಪಾಂಡವಪುರದ ಮೇಲೆ ಬಸ್ಸು. ಶಾಪಿನ ಸಾಹೇಬರು ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ, "ಮೆಟ್ಲು ಮೇಲೆ ಯಾಕಮ್ಮ, ಇಲ್ಲಿ ಕೂತ್ಕಳಿ" ಎಂದು ಸ್ಟೂಲು ಸರಿಸುತ್ತಿದ್ದರು. ಮೂರನೆಯ ವಾರವೋ ನಾಲ್ಕನೆಯ ವಾರವೋ ಟೀ ಜೊತೆ ಬಿಸ್ಕತ್ತು ಕೊಟ್ಟರು. ನಾನು ಅದನ್ನು ಹಿಡಿದುಕೊಂಡೇ ಕೂತಿದ್ದನ್ನು ನೋಡಿ, ಏನೂ ಕೇಳದೆ, ಟೀಯಲ್ಲಿ ಪುಡಿ ಮಾಡಿ ಚಮಚದಲ್ಲಿ ಕಲಕಿ ಕೊಟ್ಟರು. "ನಮ್ಮ ಅಮ್ಮೀಜಾನ್‌ಗೂ ಹಿಂಗೇ ಮಾಡ್ತಿದ್ದೆ." ಅಷ್ಟೇ ಅವರು ಹೇಳಿದ್ದು. ಆ ಟೀ ಇಳಿಯಿತು.

ಡಾಕ್ಟರಮ್ಮ ಒಂದು ಸಣ್ಣ ಮಾತ್ರೆ ಬರೆದರು. ಅದು ಈಗಲೂ ಇದೆ. ಉಳಿದಂತೆ ಬರಿ ಮಾತು, ಅದೂ ಹೆಚ್ಚಾಗಿ ನನ್ನದೇ. ಕನಸು ಬಿದ್ದರೆ ಹೇಳಿ ಎನ್ನುತ್ತಿದ್ದರು. ಚಿಕ್ಕಂದಿನದು ಕೇಳುತ್ತಿದ್ದರು. ಅವರು ಸುಮ್ಮನಿದ್ದಷ್ಟೂ ನನ್ನ ಬಾಯಿಂದ ನಾನು ಎಣಿಸದ ಮಾತು ಬರುತ್ತಿತ್ತು. ಒಂದು ಶನಿವಾರ ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ನಿಂತುಬಿಟ್ಟಿತ್ತು, ತಡವಾಯಿತು ಎಂದು ಹೇಳಲು ಹೋದೆ. ಬಂದದ್ದು ಬೇರೆ.

ನನ್ನ ಅಪ್ಪ ಎತ್ತಿನಗಾಡಿಯಲ್ಲಿ ಪಾಂಡವಪುರಕ್ಕೆ ಕಬ್ಬು ಹೊಡೆಯುತ್ತಿದ್ದ. ನನಗೆ ಆರು ವರ್ಷವಿದ್ದಾಗ ಗದ್ದೆಯಲ್ಲಿ ಹಾವು ಕಚ್ಚಿ ಸತ್ತ. ಆ ದಿನ ನನ್ನನ್ನು ಪಕ್ಕದ ಮನೆಯಲ್ಲಿ ಕೂಡಿಹಾಕಿದ್ದರು. ಅಪ್ಪ ಎಲ್ಲಿ ಎಂದರೆ, "ಪಾಂಡವಪುರಕ್ಕೆ ಕಬ್ಬು ಒಡ್ಕಂಡೋಗವ್ನೆ. ಅಲ್ಲಿ ಗಾಡಿ ಸಾಲು ಉದ್ದಕ್ಕದೆ. ಬರೋವಾಗ ಸಕ್ರೆ ತತ್ತಾನೆ" ಎಂದರು. ತಿಥಿಯ ದಿನದವರೆಗೂ ಹೊಸ್ತಿಲ ಮೇಲೆ ಕೂತು ಸಕ್ಕರೆಗೆ ಕಾದೆ. ಆಮೇಲೆ ಅವ್ವನ ಬರಿ ಹಣೆ ನೋಡಿದೆ.

"ಸಕ್ಕರೆ ತರ್ತಾನೆ ಅಂತ ಹೇಳಿದ್ದು ಯಾರು?" ಎಂದು ಕೇಳಿದರು ಡಾಕ್ಟರಮ್ಮ.

"ಅಕ್ಕ" ಎಂದೆ.

ನನ್ನ ದನಿ ನನಗೇ ಕೇಳಿಸಿತು. ಅವಳು ನನಗೆ ಕೊಟ್ಟ ಸುಳ್ಳನ್ನೇ ನಾನು ಅವಳಿಗೆ ಹಿಂದಿರುಗಿಸಿದ್ದೆ. ಅತ್ತು ಅತ್ತು ಹಗುರಾದೆ. ಅಂದು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದೆ. ವಾರವೆಲ್ಲ ಅನ್ನ ಇಳಿಯಿತು. ಸುಳ್ಳು ಹೇಳಿದ್ದು ನಾನಲ್ಲ, ಹೊಸ್ತಿಲ ಮೇಲೆ ಕೂತ ಆ ಹುಡುಗಿ ಎಂದುಕೊಂಡು ಓಡಾಡಿದೆ. ಎರಡನೆಯ ವಾರ ಗಂಟಲು ಮತ್ತೆ ಮುಚ್ಚಿತು, ಮೊದಲಿಗಿಂತ ಬಿಗಿಯಾಗಿ.

ಆ ಶನಿವಾರ ಡಾಕ್ಟರಮ್ಮನ ಮೇಲೆ ಸಿಟ್ಟು ಬಂದಿತ್ತು. "ಮೇಡಂ, ಇಷ್ಟು ದಿನ ನಮ್ಮಪ್ಪನ್ನ ಅಗೆದಿದ್ದಾಯ್ತು. ಸತ್ತಿರೋದು ನಮ್ಮಕ್ಕ."

ಅವರು ನಕ್ಕರು. ಔಷಧಿ ಚೀಟಿಯ ಹಿಂದೆ ಎರಡು ಪದ ಬರೆದು ನನ್ನ ಕಡೆ ತಿರುಗಿಸಿದರು: ಮನೋವಿಶ್ಲೇಷಣೆ, ಅಸ್ತಿತ್ವವಾದ.

"ನಾನು ಮೊದಲು ಕಲಿತಿದ್ದು ಇದು" ಎಂದು ಮೊದಲ ಪದ ಮುಟ್ಟಿದರು. "ನಮಗೇ ಗೊತ್ತಿಲ್ಲದ ಹಾಗೆ ಮನಸ್ಸು ಏನನ್ನೋ ಹೂತಿಟ್ಟಿರುತ್ತೆ, ಅದು ಮೈಯಲ್ಲಿ ಕಾಯಿಲೆಯಾಗಿ ಮೇಲೆ ಬರುತ್ತೆ ಅಂತ. ನಿಮ್ಮಪ್ಪನ ವಿಷಯ ಸಿಕ್ಕಿದ್ದು ಈ ದಾರೀಲಿ. ಅದು ಸುಳ್ಳಲ್ಲ. ಆದರೆ ಈ ದಾರಿಯ ಡಾಕ್ಟರುಗಳಲ್ಲೇ ಕೆಲವರು ಆಮೇಲೆ ತತ್ವಶಾಸ್ತ್ರದವರ ಮಾತಿಗೆ ಕಿವಿ ಕೊಟ್ಟರು." ಎರಡನೆಯ ಪದ ಮುಟ್ಟಿದರು. "ಮನುಷ್ಯನಿಗೆ ತಾನು ಸಾಯ್ತೀನಿ ಅಂತ ಗೊತ್ತು, ಒಬ್ಬನೇ ಸಾಯಬೇಕು ಅಂತಾನೂ ಗೊತ್ತು. ಅಷ್ಟು ಗೊತ್ತಿದ್ದೂ ಏನು ಮಾಡ್ತಾನೆ ಅನ್ನೋದನ್ನ ಅವನೇ ಆರಿಸಿಕೊಳ್ಳಬೇಕು. ಇದು ಆ ತತ್ವಶಾಸ್ತ್ರದವರ ಮಾತು. ಅದನ್ನು ಕೇಳಿದ ಮೇಲೆ ಡಾಕ್ಟರುಗಳ ಪ್ರಶ್ನೆಯೇ ಬದಲಾಯ್ತು."

"ಏನಂತ?"

"ಮೊದಲಿನವರು, ಏನನ್ನ ಬಚ್ಚಿಟ್ಟಿದ್ದೀರಿ ಅಂತ ಕೇಳ್ತಿದ್ದರು. ಆಮೇಲಿನವರು, ಬಚ್ಚಿಡೋದು ಅಂತ ಆರಿಸಿಕೊಂಡಿದ್ದು ಯಾರು ಅಂತಾನೂ ಕೇಳಿದರು."

ಆ ಚೀಟಿ ಹಿಡಿದು ಕೆ.ಆರ್. ಪೇಟೆಯ ಲೈಬ್ರರಿಗೆ ಹೋದೆ. ಒಂದು ಹಳೆಯ ಪುಸ್ತಕದಲ್ಲಿ ಎರಡನೆಯ ಪದ ಸಿಕ್ಕಿತು. ಮುಕ್ಕಾಲು ಪಾಲು ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟು: ಬೇರೆ ದಾರಿ ಇರಲಿಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ, ಇತ್ತು ಎಂದು ಗೊತ್ತಿದ್ದೂ. ಪುಸ್ತಕ ಮುಚ್ಚಿಟ್ಟು ಬಂದೆ.

ಮುಂದಿನ ಶನಿವಾರ ನಾನು ಯಾರಿಗೂ ಹೇಳದೇ ಇದ್ದುದನ್ನು ಹೇಳಿದೆ.

ಬಾವ ನನಗೆ ಹೇಳಿಕೊಟ್ಟದ್ದು ಕಾಮಾಲೆ ಎಂಬ ಒಂದು ಮಾತನ್ನು ಮಾತ್ರ. ರಿಪೋರ್ಟು ಹಿಡಿದು ಅಕ್ಕನ ಮುಂದೆ ನಿಂತಾಗ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಗಟ್ಟಿಯಾಗಲಿ ಎಂದು ನಾನೇ ಇನ್ನೊಂದು ಸಾಲು ಸೇರಿಸಿದೆ: "ಪಥ್ಯ ಬರ್ದವ್ರೆ ಕಣಕ್ಕ. ಉಪ್ಪು, ಹುಳಿ, ಖಾರ, ಎಣ್ಣೆ ಮುಟ್ಟಂಗಿಲ್ಲ. ಪಥ್ಯ ಮಾಡುದ್ರೆ ವಾಸಿಯಾಗ್ತದೆ." ನಮ್ಮ ಕಡೆ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರು ಹೇಳುವ ಪಥ್ಯ ಅದು. ಅದನ್ನು ಕೇಳಿದ ಮೇಲೆ ಅಕ್ಕನ ಮುಖ ನಿರಾಳವಾಯಿತು. ಓದಿದ್ದನ್ನು ನಂಬಿದಳು.

ಅವಳು ಐದು ತಿಂಗಳು ಉಪ್ಪಿಲ್ಲದ ಗಂಜಿ ಕುಡಿದಳು. ಇಷ್ಟವಾದದ್ದು ಕೊಡಿ ಎಂದು ಡಾಕ್ಟರು ಹೇಳಿದ್ದ ಹೆಂಗಸು. ಅವಳಿಗೆ ಉಪ್ಪೆಸರು ಎಂದರೆ ಪ್ರಾಣ. ಹಸಿಕಾಳಿನ ನೀರಾದ ಸಾರು, ಮೇಲೆ ನುರಿದ ಖಾರ, ಬಿಸಿ ಹಿಟ್ಟು. ನಾವು ಒಳಗೆ ಉಣ್ಣುವಾಗ ಅವಳು ಜಗಲಿಯ ಮೇಲೆ ಮಲಗಿ ವಾಸನೆ ಕುಡಿಯುತ್ತಿದ್ದಳು. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ನನ್ನ ಸೆರಗು ಹಿಡಿದು, "ಒಂದೇ ಒಂದು ತುತ್ತು ಹಿಟ್ಟು ಉಪ್ಪೆಸ್ರಲ್ಲಿ ಅದ್ದಿ ಕೊಡಮ್ಮಿ. ಯಾರ್ಗೂ ಯೋಳಾಕಿಲ್ಲ" ಎಂದಳು.

"ವಾಸಿಯಾಗ್ಲಿ ತಡಿ ಅಕ್ಕ, ಬೇಕಾದಷ್ಟು ಉಣ್ಣುವಂತೆ" ಎಂದೆ.

ಅವಳು ನನ್ನನ್ನೇ ನೋಡಿದಳು. "ಆ ಕಾಗ್ದ ತಕ್ಕಂಬಾ. ಇನ್ನೊಂದ್ಸಾರಿ ಸರಿಯಾಗಿ ಓದು" ಎಂದಳು.

ತಂದೆ. ಓದಿದೆ. ಅದೇ ಪಥ್ಯ, ಅದೇ ಕ್ರಮದಲ್ಲಿ. ಉಪ್ಪು, ಹುಳಿ, ಖಾರ, ಎಣ್ಣೆ. ಅಕ್ಕ, "ಆಯ್ತು ಬುಡು" ಎಂದು ಗೋಡೆ ಕಡೆ ತಿರುಗಿಕೊಂಡಳು. ಆಮೇಲೆ ಏನನ್ನೂ ಕೇಳಲಿಲ್ಲ. ತಿಂಗಳೊಳಗೆ ಹೋದಳು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಹೇಳಿ ಮುಗಿಸಿದೆ. ಕೆಳಗೆ ಸಾಹೇಬರು ಚಕ್ರಕ್ಕೆ ಗಾಳಿ ಹಾಕುವ ಸದ್ದು ಬರುತ್ತಿತ್ತು. ನಿಮ್ಮದೇನೂ ತಪ್ಪಿಲ್ಲ, ಪ್ರೀತಿಯಿಂದ ಮಾಡಿದ್ದು ಎಂದು ಡಾಕ್ಟರಮ್ಮ ಹೇಳುತ್ತಾರೆ ಎಂದು ಕಾದೆ.

"ಇದನ್ನ ಕಾಯಿಲೆ ಅಂತ ನಾನು ತೆಗೆದುಹಾಕೋಕೆ ಆಗಲ್ಲ, ನಾಗರತ್ನಮ್ಮ" ಎಂದರು. "ಮಾಡದ ತಪ್ಪಿಗೆ ಕೊರಗೋರು ಬರ್ತಾರೆ, ಅವರದು ಬೇರೆ. ಇದು ನೀವು ಮಾಡಿದ್ದು. ಆಗ ನೀವು ಆರು ವರ್ಷದ ಹುಡುಗಿ ಆಗಿರಲಿಲ್ಲ."

ಎದ್ದು ಹೋಗಿಬಿಡಬೇಕು ಅನ್ನಿಸಿತು. ಜೊತೆಗೇ ಬಹಳ ದಿನಗಳ ಮೇಲೆ ಯಾರೋ ನನ್ನ ಪಕ್ಕದಲ್ಲಿ ಕೂತಂತಾಯಿತು. ಪುಣ್ಯಗಿತ್ತಿ ಎಂದವರೆಲ್ಲ ನನ್ನನ್ನು ಒಂಟಿ ಮಾಡಿದ್ದರು. ಇವರು ಇದ್ದದ್ದನ್ನು ಇದ್ದ ಹಾಗೆ ಓದಿದರು.

"ಈಗೇನ್ ಮಾಡ್ಲಿ ಮೇಡಂ?"

"ಅದನ್ನೂ ನಾನು ಹೇಳಿಕೊಟ್ಟರೆ, ನಿಮ್ಮ ಬಾವ ಹೇಳಿಕೊಟ್ಟ ಹಾಗೇ ಆಗುತ್ತೆ."

ಅಕ್ಕನ ಅಸ್ಥಿ ಬಿಟ್ಟದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಅಷ್ಟು ಶನಿವಾರ ಬಂದರೂ ಆ ಕಡೆ ಹೋಗಿರಲಿಲ್ಲ. ಅಂದು ಹೋಗಿ ಮೆಟ್ಟಿಲ ಮೇಲೆ ಕೂತೆ. ತಲೆ ಬೋಳಿಸಿಕೊಂಡ ಗಂಡಸರು, ಕೆಂಪು ಬಟ್ಟೆ ಕಟ್ಟಿದ ಮಡಕೆಗಳು, ಬೇರೆ ಬೇರೆ ಊರಿನವರು. ಪ್ರತಿಯೊಂದು ಗುಂಪೂ ತನ್ನ ಮಡಕೆಯನ್ನು ಮಾತ್ರ ನೋಡುತ್ತಿತ್ತು. ಸಾವಿನೊಳಗೆ ಅಕ್ಕ ಒಬ್ಬಳೇ ಹೋಗಬೇಕಿತ್ತು. ಅದಕ್ಕೆ ಯಾರೇನೂ ಮಾಡುವಂತಿರಲಿಲ್ಲ. ಅದಕ್ಕೆ ಮೊದಲಿನ ಐದು ತಿಂಗಳು ಜಗಲಿಯ ಮೇಲೆ ಅವಳನ್ನು ಒಬ್ಬಳನ್ನೇ ಮಲಗಿಸಿದ್ದು ನಾನು. ಸಂಜೆಯ ಹಾಲಿನ ಹೊತ್ತಿಗೆ ಊರು ಸೇರಬೇಕಿತ್ತು. ಎದ್ದೆ.

ಮರುದಿನ ಭಾನುವಾರ ಮಧ್ಯಾಹ್ನ ಪವಿತ್ರ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಟ್ರಂಕಿನ ತಳದಿಂದ ರಿಪೋರ್ಟು ತಂದು, ಅವಳ ಮುಂದೆ ಕೂತು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಆಮೇಲೆ ಪಥ್ಯದ ಮಾತನ್ನೂ ಹೇಳಿದೆ. ಬಾವನ ಹೆಸರನ್ನು ಅದರಲ್ಲಿ ಸೇರಿಸಲಿಲ್ಲ.

ಅವಳ ಕೈ ನಿಂತಿತು. "ಕ್ಯಾನ್ಸರ್ರಾ?"

"ಊಂ."

"ನಂಗ್ಯಾಕ್ ಯೋಳ್ಲಿಲ್ಲ? ನಾ ಪರೀಕ್ಷೆ ಬುಟ್ಟು ಬತ್ತಿದ್ದೆ. ಪಕ್ಕದಲ್ಲಿ ಮಲೀಕತಿದ್ದೆ."

"ಅದ್ಕೇ ಯೋಳ್ಲಿಲ್ಲ ಮಗ."

"ನಾನು ಊರ್ಗ್ ಬಂದಾಗ ಅವ್ವ ಒಂದ್ ಚೂರು ಉಪ್ಪಿನ್ಕಾಯಿ ಕೇಳುದ್ಲು" ಎಂದಳು ಪವಿತ್ರ. "ಪಥ್ಯ ಕೆಡ್ತದೆ ಅಂತ ಬೋದ್ಬುಟ್ಟೆ. ನಾನೂವೇ ಬೋದೆ ಚಿಕ್ಕವ್ವ! ನಿನ್ ಮಾತು ನಂಬ್ಕಂಡು." ಬೂದಿ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನಾನು ಮುಟ್ಟಲು ಹೋದೆ. "ಮುಟ್ಬ್ಯಾಡ" ಎಂದಳು.

ನನ್ನ ಸುಳ್ಳು ಅವಳ ಕೈಯಿಂದಲೂ ಒಂದು ಚೂರು ಉಪ್ಪಿನಕಾಯಿ ಕಿತ್ತುಕೊಂಡಿತ್ತು ಎಂದು ನನಗೆ ಅಂದೇ ಗೊತ್ತಾದದ್ದು.

ಬಾವ, "ಸತ್ತೋಳು ಸತ್ತ್ಲು, ಇದ್ದೋಳ್ನ ಯಾಕೆ ಸಾಯಿಸ್ದೆ?" ಎಂದು ನನ್ನ ಗಂಡನ ಮುಂದೆ ಕೂಗಾಡಿದರು. ಪವಿತ್ರ ನನ್ನ ಜೊತೆ ಮಾತು ಬಿಟ್ಟಳು. ಡೈರಿಗೂ ಬರಲಿಲ್ಲ, ಬಾವನೇ ಹಾಲು ತಂದು, ಡಿಗ್ರಿ ಕೇಳಿಸಿಕೊಳ್ಳದೆ ಹೋಗುತ್ತಿದ್ದರು. ಆ ಮಳೆಗಾಲವೆಲ್ಲ ಹಾಗೇ ಕಳೆಯಿತು. ಗಂಟಲು ಒಂದೇ ಸಲಕ್ಕೆ ತೆರೆದುಕೊಂಡಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಅನ್ನ ಇಳಿಯತೊಡಗಿತು. ಹಿಟ್ಟು, ಪುಟ್ಟ ಸುಂಡೆಕಾಯಿಯಷ್ಟು ಗಾತ್ರದ್ದು, ಒಂದೆರಡು. ಸಿಕ್ಕಿಕೊಂಡ ದಿನ ಹೆದರದೆ ಉಗಿದು ಬಂದು ಮತ್ತೆ ತಟ್ಟೆಯ ಮುಂದೆ ಕೂರುವುದನ್ನು ಕಲಿತೆ. ಅಕ್ಕನಿಲ್ಲದ ಜಾಗ ಮಾತ್ರ ಮೊದಲಿನಷ್ಟೇ ಅಗಲ ಇದೆ. ಅದಕ್ಕೆ ಯಾವ ಮಾತ್ರೆಯೂ ಇಲ್ಲ, ಇರಬಾರದು ಎಂದೂ ಈಗ ಅನ್ನಿಸುತ್ತದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಪವಿತ್ರ ನಿಂತಿದ್ದಳು. ಅವಳ ಸರದಿ ಬಂತು. ಕ್ಯಾನು ಮುಂದಿಟ್ಟಳು, ನನ್ನ ಮುಖ ನೋಡಲಿಲ್ಲ. ಜಾರಿಗೆ ಸುರಿದೆ. ಲ್ಯಾಕ್ಟೋಮೀಟರ್ ಬಿಟ್ಟೆ. ಅದು ಎರಡು ಸಲ ಕುಣಿದು ನಿಂತಿತು. ಸಾಮಾನ್ಯವಾಗಿ ಇಪ್ಪತ್ತೆಂಟು ಬರುವ ಮನೆಯ ಹಾಲು.

"ಇಪ್ಪತ್ತೈದು" ಎಂದೆ.

"ಸರಿಯಾಗಿ ಓದು" ಎಂದಳು. ಅಕ್ಕನದೇ ದನಿ.

ಜಾರನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಎತ್ತಿದ ರಭಸಕ್ಕೆ ಹಾಲು ಅಲುಗಿತು. ಅವಳು ಕೆಳಗಿನಿಂದ ತನ್ನ ಕೈ ಕೊಟ್ಟು ಜಾರು ನಿಲ್ಲಿಸಿದಳು. ಬಗ್ಗಿ ಬಹಳ ಹೊತ್ತು ನೋಡಿದಳು.

"ಇಪ್ಪತ್ತೈದೇ" ಎಂದಳು.